ಪದವಿನ ಮುರಕಲ್ಲು: ಕೊಳ್ಳುವವರಿಗಾಗಿ ಒಂದು ವಿಮರ್ಶೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಬಾಯಾರು ಕಡೆಯ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಸಪಾಟು ಬಯಲುಗಳಲ್ಲಿ, ಕಡಿದು ಮಾರುವ ಮುರಕಲ್ಲನ್ನು ನಾನು ಮನೆಯ ಗೋಡೆ, ಬಾವಿಕಟ್ಟೆ ಮತ್ತು ಆವರಣಗೋಡೆಗಳಿಗೆ ಬಳಸಿದ್ದೇನೆ. ಮಳೆಗಾಲದ ಪೂರ್ತಿ ಹೊಡೆತ ತಿಂದ ಮೇಲೆ ಗೋಡೆಗಳು ಹೇಗೆ ಉಳಿದಿವೆ ಎಂದು ನೋಡಿಯೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೇಲ್ಪದರದ ಕಲ್ಲು ಸಿಕ್ಕಿದರೆ ನಮ್ಮ ಹವೆಗೆ ಇಷ್ಟು ಒಪ್ಪುವ ಗೋಡೆಯ ಸಾಮಗ್ರಿ ಬೇರೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಕೆಳಪದರದ ಕಲ್ಲು ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಹೊರಗೋಡೆಗೆ ಯೋಗ್ಯವಲ್ಲ. ಆದ್ದರಿಂದ ಬೆಲೆ ಕೇಳುವ ಮೊದಲು ಕೋರೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಕೇಳಬೇಕು. ಸಾಧ್ಯವಾದರೆ ಕೋರೆಗೇ ಹೋಗಿ ನೋಡಬೇಕು. ಕಲ್ಲಿನ ಗುಣವೂ ಗುಡ್ಡದ ಬುಡದಲ್ಲಿರುವ ಮನೆಗಳ ಬಾವಿಯ ನೀರೂ ಬಹುಮಟ್ಟಿಗೆ ಆ ಆಳವನ್ನೇ ಅವಲಂಬಿಸಿವೆ ಎಂಬುದು ಭೂವಿಜ್ಞಾನದ ಅಧ್ಯಯನಗಳನ್ನು ಓದಿ, ಕೋರೆಗಳ ಅಂಚಿನಲ್ಲಿ ನಿಂತು ನೋಡಿದ ಮೇಲೆ ನನಗೆ ಮನವರಿಕೆಯಾದ ವಿಷಯ.

ಮುರಕಲ್ಲು ಎಂದರೆ ಲ್ಯಾಟರೈಟ್. ನಮ್ಮ ಗುಡ್ಡಗಳ ಅಡಿಯಲ್ಲಿರುವ ನೈಸ್ ಮತ್ತು ಚಾರ್ನೊಕೈಟ್‌ನಂತಹ ಗಟ್ಟಿ ಶಿಲೆಗಳು ಬಿಸಿಲು ಮಳೆಗಳಿಗೆ ಸಿಕ್ಕಿ ಕರಗುತ್ತಾ ಬಂದಾಗ ಅವುಗಳಲ್ಲಿದ್ದ ಸಿಲಿಕಾ, ಸುಣ್ಣ, ಪೊಟ್ಯಾಶ್‌ಗಳು ನೀರಿನೊಂದಿಗೆ ತೊಳೆದುಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶ ಮಾತ್ರ ಹಿಂದೆ ಉಳಿದು ಈ ಕಲ್ಲಾಗಿದೆ. ಇದು ಆತುರದ ಕೆಲಸವಲ್ಲ. ಘಟ್ಟದ ಕೆಳಗಿನ ತಗ್ಗುಪ್ರದೇಶದ ಲ್ಯಾಟರೈಟ್ ಹೊದಿಕೆಯಲ್ಲಿರುವ ಮ್ಯಾಂಗನೀಸ್ ಖನಿಜಗಳನ್ನು ಆರ್ಗಾನ್ ಅನಿಲದ ಪ್ರಮಾಣದಿಂದ ವಯಸ್ಸು ಲೆಕ್ಕಹಾಕುವ ವಿಧಾನದಿಂದ ಅಳೆದ ಸಂಶೋಧಕರಿಗೆ ಸುಮಾರು 4.7 ಕೋಟಿ ವರ್ಷಗಳಷ್ಟು ಹಿಂದಿನ ವಯಸ್ಸುಗಳು ದೊರೆತಿವೆ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್‌ಗಳಲ್ಲಿ ಸಂಚರಿಸಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಮಲಬಾರಿನ ಅಂಗಡಿಪುರಂನಲ್ಲಿ ಕಂಡ ಈ ಕಲ್ಲನ್ನು ವಿವರಿಸಿದ್ದಾನೆ. ನೆಲದೊಳಗೆ ಇರುವಾಗ ಕಬ್ಬಿಣದ ಆಯುಧದಿಂದ ಸುಲಭವಾಗಿ ಕಡಿಯಬಹುದು, ಹೊರಗೆ ತೆಗೆದು ಗಾಳಿಗೆ ಇಟ್ಟ ಮೇಲೆ ಗಡುಸಾಗುತ್ತದೆ ಎಂದು ಅವನು ಗುರುತಿಸಿದ ಗುಣವೇ ಇಂದಿಗೂ ಈ ಕಲ್ಲಿನ ವ್ಯಾಪಾರದ ತಳಹದಿ. ತೇವ ಆರಿದಂತೆ ಕಬ್ಬಿಣದ ಹೈಡ್ರಾಕ್ಸೈಡುಗಳು ಹರಳುಗಟ್ಟಿ ಕಲ್ಲನ್ನು ಬಿಗಿಯುತ್ತವೆ. ಸುಡುವ ಗೂಡು ಬೇಡ, ಸೌದೆ ಬೇಡ, ಬಿಸಿಲಿನಲ್ಲಿ ಒಂದಷ್ಟು ಕಾಲ ಅಟ್ಟಿ ಹಾಕಿಟ್ಟರೆ ಸಾಕು.

ಕೋರೆಯ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ನೋಡಿದರೆ ಪದರಗಳು ಬರಿಗಣ್ಣಿಗೇ ಕಾಣುತ್ತವೆ. ತೀರ ಮೇಲೆ ಕಪ್ಪುಮಿಶ್ರಿತ ಕೆಂಪಿನ ಗಟ್ಟಿ ಹೊದಿಕೆ ಇರುತ್ತದೆ, ಇದು ಕಡಿಯಲು ಕಷ್ಟ. ಅದರ ಕೆಳಗೆ ಹುಳು ಕೊರೆದಂತಹ ತೂತುಗಳ, ಗಾಢ ಬಣ್ಣದ ಒಳ್ಳೆಯ ಕಲ್ಲು. ಇನ್ನೂ ಕೆಳಗೆ ಹೋದಂತೆ ಬಣ್ಣ ತಿಳಿಯಾಗಿ, ಹಳದಿ ಮತ್ತು ಬಿಳಿಯ ಮಣ್ಣಿನ ಚುಕ್ಕೆಗಳು ಹೆಚ್ಚುತ್ತಾ ಹೋಗಿ, ಕೊನೆಗೆ ಕಲ್ಲೇ ಇಲ್ಲದ ನುಣುಪಾದ ಶೇಡಿ ಮಣ್ಣು ಬರುತ್ತದೆ. ಮಲಬಾರ್ ಪ್ರದೇಶದ ಲ್ಯಾಟರೈಟ್ ಕೋರೆಗಳನ್ನು ಪದರ ಪದರವಾಗಿ ಪರೀಕ್ಷಿಸಿ ಕಸ್ತೂರ್ಬಾ, ಸಂತಾನಂ ಮತ್ತು ಮ್ಯಾಥ್ಯೂಸ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಆಳ ಹೆಚ್ಚಿದಂತೆ ಕಬ್ಬಿಣದ ಅಂಶ ಇಳಿದು ಜೇಡಿಯ ಅಂಶ ಏರುವುದರಿಂದ, ಒಂದೇ ಕೋರೆಯಿಂದ ಬಂದ ಕಲ್ಲುಗಳ ಬಲವೂ ಒಂದೇ ಸಮ ಇರುವುದಿಲ್ಲ. ಮಾರುವವರು ‘ನಂಬರ್ ಒನ್’ ಮತ್ತು ‘ಸೆಕೆಂಡ್’ ಎಂದು ವಿಂಗಡಿಸುವುದರ ಹಿಂದೆ ಇರುವುದೂ ಬಹುತೇಕ ಇದೇ ಲೆಕ್ಕ. ಆದರೆ ಆ ವಿಂಗಡಣೆ ಬಣ್ಣ ನೋಡಿ ಮಾಡುವಂಥದ್ದು, ಅಳೆದು ಮಾಡುವಂಥದ್ದಲ್ಲ.

ಅಳತೆಗೊಂದು ಮಾನದಂಡ ಇದೆ. ಭಾರತೀಯ ಮಾನಕ ಸಂಸ್ಥೆಯ ಐಎಸ್ 3620, 1979ರ ಆವೃತ್ತಿಯ ಪ್ರಕಾರ, ಗೋಡೆಗೆ ಬಳಸುವ ಲ್ಯಾಟರೈಟ್ ಕಲ್ಲಿನ ಒತ್ತಡ ತಾಳುವ ಬಲ ಪ್ರತಿ ಚದರ ಮಿಲಿಮೀಟರಿಗೆ 3.5 ನ್ಯೂಟನ್‌ಗಿಂತ ಕಡಿಮೆ ಇರಬಾರದು, ಕಲ್ಲು ಹೀರುವ ನೀರು ಅದರ ತೂಕದ ನೂರಕ್ಕೆ 12ನ್ನು ಮೀರಬಾರದು. ಬಲವನ್ನು ಅಳೆಯಲು ಪ್ರಯೋಗಾಲಯ ಬೇಕು. ಎರಡನೆಯದನ್ನು ಮಾತ್ರ ಯಾರು ಬೇಕಾದರೂ ಮನೆಯಲ್ಲೇ ಮಾಡಿ ನೋಡಬಹುದು. ಚೆನ್ನಾಗಿ ಒಣಗಿದ ಕಲ್ಲನ್ನು ಅಡಕೆ ತೂಗುವ ತಕ್ಕಡಿಯಲ್ಲಿ ತೂಗಿ, ಒಂದು ಇಡೀ ದಿನ ನೀರಿನಲ್ಲಿ ಮುಳುಗಿಸಿಟ್ಟು, ಮೇಲಿನ ನೀರನ್ನು ಒರೆಸಿ ಮತ್ತೆ ತೂಗಿದರೆ ಆಯಿತು. ನಾನು ಹೀಗೆ ತೂಗಿ ನೋಡಿದಾಗ ಗಾಢ ಬಣ್ಣದ ಕಲ್ಲುಗಳು ಮಿತಿಯೊಳಗೆ ನಿಂತವು. ‘ಅದೂ ಇದೂ ಒಂದೇ ಕೋರೆಯದ್ದು’ ಎಂಬ ಭರವಸೆಯೊಂದಿಗೆ ಬಂದ ತಿಳಿ ಬಣ್ಣದ ಕಲ್ಲುಗಳು ಮಿತಿಯನ್ನು ಧಾರಾಳವಾಗಿ ದಾಟಿದವು. ಮೇಸ್ತ್ರಿಗಳ ಪರೀಕ್ಷೆ ಇನ್ನೂ ಸರಳ: ಕೊಡಲಿಯ ಹಿಂಬದಿಯಿಂದ ತಟ್ಟಿದಾಗ ಕಣ್ ಎಂದರೆ ಗೋಡೆಗೆ, ಸದ್ದು ಬೊದ್ದಾಗಿ ಬಂದರೆ ಬದಿಗೆ. ತಕ್ಕಡಿಯ ತೀರ್ಪೂ ಮೇಸ್ತ್ರಿಯ ಕಿವಿಯ ತೀರ್ಪೂ ಬಹುಪಾಲು ಒಂದೇ ಆಗಿತ್ತು.

ಇನ್ನು ಸೇವೆಯ ವಿಷಯ. ಕಲ್ಲು ಕೊಟ್ಟವರ ಹೆಸರನ್ನು ಬರೆಯುವುದಿಲ್ಲ. ಈ ಕಡೆಯ ಹೆಚ್ಚಿನ ಕೋರೆಗಳ ರೀತಿಯೂ ಇದೇ. ಮೊದಲ ಲೋಡುಗಳು ಚೆನ್ನಾಗಿದ್ದವು. ಮೆಷಿನ್‌ನಲ್ಲಿ ಕಡಿದ ಕಲ್ಲಾದ್ದರಿಂದ ಆರು ಮುಖಗಳೂ ನೇರವಾಗಿ, ಅಳತೆ ಒಂದೇ ಆಗಿ, ಕಟ್ಟುವಾಗ ಗಾರೆ ಕಡಿಮೆ ಹಿಡಿಯಿತು. ಪಿಕ್ಕಾಸಿನಿಂದ ಎಬ್ಬಿಸಿ ಕೊಡಲಿಯಿಂದ ಕೆತ್ತುತ್ತಿದ್ದ ಕಾಲದ ಕಲ್ಲಿಗೆ ಈ ಸಮತೆ ಇರಲಿಲ್ಲ. ಗೋಡೆ ಎದೆಮಟ್ಟಕ್ಕೆ ಏರಿದ ಮೇಲೆ ಬಂದ ಲೋಡುಗಳಲ್ಲಿ ಅಡಿಯ ಸಾಲುಗಳು ತಿಳಿ ಬಣ್ಣದವಾಗಿದ್ದವು, ಮೇಲಿನ ಸಾಲು ಮಾತ್ರ ಗಾಢ. ಲಾರಿ ಖಾಲಿ ಮಾಡಿ ಹೋದ ನಂತರ ತಕರಾರು ಎತ್ತಿದರೆ ಕೇಳುವವರಿಲ್ಲ; ಇಳಿಸುವ ಮೊದಲೇ ಲೋಡಿನ ಒಂದು ಬದಿಯನ್ನು ಬಿಚ್ಚಿಸಿ ನೋಡುವುದು ಉತ್ತಮ. ಇಳಿಸುವಾಗ ಮೂಲೆ ಮುರಿಯುವ ಕಲ್ಲುಗಳ ನಷ್ಟ ಯಾರದ್ದೆಂದು ಮಾತಾಡಿಕೊಳ್ಳಬೇಕು. ದೂರ ಹೆಚ್ಚಿದಂತೆ ಬಾಡಿಗೆಯೇ ಕಲ್ಲಿನ ಬೆಲೆಯನ್ನು ಮೀರುವುದರಿಂದ ಹತ್ತಿರದ ಕೋರೆಯೇ ಲಾಭ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಾಟ ಪಾಸ್ ಕೇಳಲು ಸಂಕೋಚಪಡಬೇಕಾಗಿಲ್ಲ. ಕೇರಳದಲ್ಲಿ ಕಲ್ಲು, ಮರಳಿನಂತಹ ಉಪಖನಿಜಗಳ 2015ರ ನಿಯಮಗಳ ಪ್ರಕಾರ ಮನೆ ಕಟ್ಟುವ ಮುರಕಲ್ಲಿಗೂ ಪರವಾನಿಗೆ ಬೇಕು. ಉಪಖನಿಜ ಗಣಿಗಾರಿಕೆಗೆ ಸಂಬಂಧಿಸಿದ ದೀಪಕ್ ಕುಮಾರ್ ಪ್ರಕರಣದಲ್ಲಿ 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದ ನಂತರ ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗಳೂ ಪರಿಸರ ಅನುಮತಿಯ ವ್ಯಾಪ್ತಿಗೆ ಬಂದಿವೆ. ಪಾಸ್ ಇದ್ದರೆ ಕಲ್ಲು ಯಾವ ಗುಡ್ಡದ್ದು ಎಂಬುದಾದರೂ ಖಚಿತವಾಗುತ್ತದೆ.

ಬಳಕೆಯಲ್ಲಿ ಕಲ್ಲು ಹೇಗಿದೆ ಎಂದರೆ, ಪಂಚಾಂಗಕ್ಕೆ, ಅಂದರೆ ಅಡಿಪಾಯಕ್ಕೆ, ಕಗ್ಗಲ್ಲು ಹಾಕಿ ಅದರ ಮೇಲೆ ಮುರಕಲ್ಲನ್ನು ಏರಿಸಿದ್ದು ಸರಿಯಾದ ನಿರ್ಧಾರವಾಗಿತ್ತು. ನೆಲದ ತೇವವನ್ನು ಮುರಕಲ್ಲು ಬೇಗ ಹೀರುತ್ತದೆ. ಕಟ್ಟುವ ಮೊದಲು ಕಲ್ಲಿಗೆ ನೀರು ಕುಡಿಸದಿದ್ದರೆ ಅದು ಗಾರೆಯ ನೀರನ್ನು ಎಳೆದುಕೊಂಡು ಸಂದುಗಳನ್ನು ಸಡಿಲಗೊಳಿಸುತ್ತದೆ. ಬೇಸಗೆಯ ಮಧ್ಯಾಹ್ನದಲ್ಲಿ ಒಳಗಿನ ಕೋಣೆಗಳು ತಂಪಾಗಿವೆ, ಆದರೆ ಇದರ ಹೊಗಳಿಕೆಯನ್ನು ನಾನು ತುಸು ಕಡಿಮೆ ಮಾಡುತ್ತೇನೆ, ಏಕೆಂದರೆ ಗೋಡೆಯ ದಪ್ಪವೂ ಅಗಲವಾದ ಚಾವಣಿಯೂ ಅದರಲ್ಲಿ ಪಾಲುದಾರರು. ವಿದ್ಯುತ್ ತಂತಿಗಾಗಿ ಗೋಡೆ ಕೊರೆಯುವುದು ಸುಲಭ. ಭಾರದ ಕಪಾಟು ತೂಗಲು ಮೊಳೆ ಹೊಡೆದರೆ ಹಿಡಿತ ಸಾಲದು.

ಪಡುಗಾಳಿಯ ಮಳೆ ನೇರವಾಗಿ ಬೀಸುವ ಕಡೆಯಲ್ಲೇ ಕಲ್ಲಿನ ನಿಜವಾದ ಪರೀಕ್ಷೆ. ಸಾರಣೆ ಮಾಡದೆ, ಸಂದುಗಳನ್ನಷ್ಟೇ ತುಂಬಿ ಬಿಟ್ಟ ನನ್ನ ಆವರಣಗೋಡೆಯಲ್ಲಿ ಗಾಢ ಕಲ್ಲುಗಳ ಮೈ ಒಂದಿಷ್ಟೂ ಉದುರಲಿಲ್ಲ, ಪಾಚಿ ಬಂದದ್ದು ಬಿಟ್ಟರೆ ದೋಷ ಹೇಳುವಂತಿಲ್ಲ. ತಿಳಿ ಬಣ್ಣದ ಕಲ್ಲುಗಳಲ್ಲಿನ ಬಿಳಿ ಮಣ್ಣಿನ ಗೂಡುಗಳು ತೊಳೆದುಹೋಗಿ ಬೆರಳು ಹೋಗುವಷ್ಟು ಕುಳಿಗಳು ಉಳಿದಿವೆ. ಅವುಗಳ ಮೇಲೆ ಸಿಮೆಂಟ್ ಸಾರಣೆ ಹೊಡೆದು ಮುಚ್ಚುವುದು ಎಲ್ಲರೂ ಹೇಳುವ ಪರಿಹಾರ, ಆದರೆ ಹೊರಗೆ ಬರಲಾಗದ ತೇವ ಒಳಗೇ ನಿಂತು ಸಾರಣೆಯನ್ನು ಹಾಳೆ ಹಾಳೆಯಾಗಿ ಎಬ್ಬಿಸುವುದನ್ನು ಊರಿನ ಎಷ್ಟೋ ಮನೆಗಳಲ್ಲಿ ನೋಡಬಹುದು. ಸುಣ್ಣದ ಗಾರೆಯಾದರೆ ಆ ತೊಂದರೆ ಕಡಿಮೆ. ಒಳ್ಳೆಯ ಕಲ್ಲಿನ ಬಾಳಿಕೆಗೆ ಸಾಕ್ಷಿ ಬೇಕಾದವರು ಬೇಕಲಕ್ಕೆ ಹೋಗಬಹುದು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ ಕಟ್ಟಿದ ಆ ಕೋಟೆಯ ಮುರಕಲ್ಲಿನ ಗೋಡೆಗಳು ಕಡಲಿನ ಉಪ್ಪುಗಾಳಿಗೆ ಮೈಯೊಡ್ಡಿ ಇಂದಿಗೂ ನಿಂತಿವೆ. ಕಡಿದ ಕಲ್ಲಿನಲ್ಲಿ ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಆ ಕಾಲದ ಕೆಲಸಗಾರರಿಗೆ ಗೊತ್ತಿತ್ತೆಂದು ಅಲ್ಲಿನ ಬುರುಜುಗಳನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ.

ಸಿಮೆಂಟ್ ಬ್ಲಾಕ್‌ನೊಂದಿಗೆ ಹೋಲಿಸಿ ಕೇಳುವವರು ಬಹಳ. ಬ್ಲಾಕ್ ಬೇಗ ಸಿಗುತ್ತದೆ, ಮಳೆಗಾಲದಲ್ಲೂ ಸಿಗುತ್ತದೆ. ಮುರಕಲ್ಲಿನ ಕೋರೆಗಳು ಮಳೆಗಾಲದಲ್ಲಿ ಹೆಚ್ಚುಕಡಿಮೆ ನಿಂತೇಹೋಗುತ್ತವೆ. ಗುಡ್ಡ ಉಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದ ಬ್ಲಾಕ್ ಆರಿಸುವವರೂ ಇದ್ದಾರೆ. ಅವರಿಗೆ ಎರಡು ವಿಷಯ ತಿಳಿದಿರಲಿ. ಬ್ಲಾಕಿಗೆ ಬೇಕಾದ ಜಲ್ಲಿ, ಹುಡಿ, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಇವೆಲ್ಲ ಇನ್ನೊಂದು ಊರಿನ ಕಗ್ಗಲ್ಲಿನ ಕೋರೆಯಿಂದ ಬರುತ್ತವೆ. ಜಗತ್ತಿನಲ್ಲಿ ವರ್ಷಕ್ಕೆ 5,000 ಕೋಟಿ ಟನ್ ಮರಳು ಮತ್ತು ಜಲ್ಲಿ ಬಳಕೆಯಾಗುತ್ತಿದೆ ಎಂಬುದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರಲ್ಲಿ ಪ್ರಕಟಿಸಿದ ವರದಿಯ ಅಂದಾಜು. ಸಿಮೆಂಟ್ ಕಾರ್ಖಾನೆಗಳಿಗೂ ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶಕ್ಕಾಗಿ ಲ್ಯಾಟರೈಟ್ ಬೇಕು, ಅಲ್ಲಿ ಅದು ಹುಡಿಯಾಗಿ ಗೂಡಿಗೆ ಹೋಗುತ್ತದೆ. ಮುರಕಲ್ಲಿಗೆ ಅಂತಹ ಗೂಡಿನ ಬೆಂಕಿ ಬೇಡ ಎಂಬ ಒಂದೇ ಕಾರಣಕ್ಕೆ, ಹತ್ತಿರದ ಕೋರೆಯ ಒಳ್ಳೆಯ ಕಲ್ಲಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಆದರೆ ಕಲ್ಲಿನ ಬಿಲ್ಲಿನಲ್ಲಿ ಕಾಣದ ಒಂದು ಖರ್ಚಿದೆ, ಅದು ನೀರು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಕೇರಳದ 44 ನದಿಗಳಲ್ಲಿ 12 ಈ ಒಂದು ಜಿಲ್ಲೆಯಲ್ಲೇ ಹರಿಯುತ್ತವೆ. ಹಾಗಿದ್ದೂ ಕೇಂದ್ರ ಅಂತರ್ಜಲ ಮಂಡಳಿಯ ಮೌಲ್ಯಮಾಪನಗಳಲ್ಲಿ ಕಾಸರಗೋಡು ಬ್ಲಾಕ್ (ಆಡಳಿತ ವಿಭಾಗ) ಗಂಭೀರ ಸ್ಥಿತಿಯ ಪಟ್ಟಿಯಲ್ಲಿ ಕಾಣಿಸಿಕೊಂಡಿದೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು, ಇಳಿಜಾರಿನಲ್ಲಿ ಓಡಿ, ಗಿಡ್ಡ ಹೊಳೆಗಳ ಮೂಲಕ ಬೇಗನೆ ಕಡಲು ಸೇರುತ್ತದೆ. ಓಡುವ ನೀರನ್ನು ತಡೆದು ಒಳಗೆ ಎಳೆದುಕೊಳ್ಳುವ ಕೆಲಸ ಮಾಡುವುದು ಪದವಿನ ಮೇಲಿನ ಮುರಕಲ್ಲಿನ ಪದರ. ಅದರ ತೂತುಗಳ ಮೂಲಕ ಇಳಿದ ನೀರು ಅಡಿಯ ಶೇಡಿ ಮಣ್ಣನ್ನು ಸುಲಭವಾಗಿ ದಾಟಲಾರದೆ, ಎರಡೂ ಸೇರುವ ಮಟ್ಟದಲ್ಲಿ ನಿಂತು, ಮೆಲ್ಲನೆ ಬದಿಗೆ ಜರುಗಿ, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ತಗ್ಗಿನ ಅಡಕೆ ತೋಟಗಳು ಬೇಸಗೆಯನ್ನು ದಾಟುವುದು ಈ ನೀರಿನಿಂದ.

ನಮ್ಮ ಹಿರಿಯರ ಸುರಂಗಗಳು ಹುಡುಕುವುದೂ ಇದೇ ನೀರನ್ನು. ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟೇ ಅಗಲ ಎತ್ತರದಲ್ಲಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಈ ಸುರಂಗಗಳಲ್ಲಿ ಪಂಪಿಲ್ಲದೆ, ಕರೆಂಟಿಲ್ಲದೆ ನೀರು ಹರಿದು ಬರುತ್ತದೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿಗೆ ಬಂದು ಇವುಗಳನ್ನು ಅಧ್ಯಯನ ಮಾಡಿದ್ದಾರೆ. ಗಡಿಯಾಚೆಯ ಬಂಟ್ವಾಳ ತಾಲೂಕಿನಲ್ಲಿ ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ದೊರೆಯಿತು. ಸುರಂಗ ಕೊರೆಯುವವರು ಮೆತ್ತನೆಯ ಮಣ್ಣಿನ ಸುಳಿವು ಹಿಡಿದು ಹೋಗುವುದಕ್ಕೂ ಭೂವಿಜ್ಞಾನಿಗಳು ನಕ್ಷೆಯಲ್ಲಿ ಗುರುತಿಸುವ ಪದರದ ಗೆರೆಗೂ ಬಹಳ ಅಂತರವಿಲ್ಲ.

ಕೋರೆಯ ಆಳದ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ. ಮೇಲಿನ ಕೆಲವು ಸಾಲುಗಳನ್ನು ಕಡಿದು ಅಡಿಯಲ್ಲಿ ಸಾಕಷ್ಟು ದಪ್ಪದ ಮುರಕಲ್ಲನ್ನು ಉಳಿಸಿದ ಕೋರೆ ಮಳೆನೀರನ್ನು ಹಿಡಿದು ಇಂಗಿಸಬಲ್ಲದು. ಕೋರೆಗಳೆಲ್ಲ ನೀರಿನ ಶತ್ರುಗಳು ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಶೇಡಿ ಮಣ್ಣು ಕಾಣುವವರೆಗೆ ತೋಡಿದ ಕೋರೆಯ ಕಥೆ ಬೇರೆ. ಅಲ್ಲಿ ಹೀರುವ ಪದರವೇ ಇಲ್ಲ. ನುಣುಪು ಮಣ್ಣು ಹೊಂಡದ ತಳವನ್ನು ಮುಚ್ಚಿಬಿಡುತ್ತದೆ, ನಿಂತ ನೀರು ಬಿಸಿಲಿಗೆ ಆರುತ್ತದೆ, ತುಂಬಿ ಹರಿದರೆ ಕೆಂಪು ಕೆಸರಾಗಿ ಗದ್ದೆ ತೋಡುಗಳನ್ನು ಸೇರುತ್ತದೆ. ತೆರೆದಿಟ್ಟ ಶೇಡಿಯ ಬದಿಗಳು ಮಳೆಗೆ ಕುಸಿಯುವ ಅಪಾಯ ಬೇರೆ. ಶೇಡಿಯ ಹತ್ತಿರದ ಕಲ್ಲು ಗೋಡೆಗೂ ಒಳ್ಳೆಯದಲ್ಲ ಎಂಬುದನ್ನು ತಕ್ಕಡಿಯೇ ತೋರಿಸಿದೆ. ಕೊಳ್ಳುವವರು ತಿಳಿ ಬಣ್ಣದ ಕಲ್ಲನ್ನು ಹಿಂದೆ ಕಳುಹಿಸುತ್ತಾ ಹೋದರೆ ಅಷ್ಟು ಆಳಕ್ಕೆ ಇಳಿಯುವ ಲಾಭವೂ ಕಡಿಮೆಯಾಗುತ್ತದೆ. ಇದರಿಂದಲೇ ಎಲ್ಲವೂ ಸರಿಹೋಗುತ್ತದೆ ಎಂದು ಹೇಳುವಷ್ಟು ಆಶಾವಾದಿ ನಾನಲ್ಲ. ಸೆಕೆಂಡ್ ಕಲ್ಲನ್ನು ಬಾಡಿಗೆ ಮನೆಯ ಒಳಗೋಡೆಗೆ ಕೊಳ್ಳುವವರು ಯಾವಾಗಲೂ ಇರುತ್ತಾರೆ. ಆಳದ ಮಿತಿಯನ್ನು ಕಾಯಬೇಕಾದದ್ದು ಪರವಾನಿಗೆ ಕೊಡುವವರ ಕೆಲಸ.

ಇದೇ ಗುಡ್ಡದ ಮೇಲೆ ಮನೆ ಕಟ್ಟುವವರಿಗಿಂತ ದೊಡ್ಡ ಗಿರಾಕಿಗಳ ಕಣ್ಣೂ ಇದೆ. ಅಲ್ಯುಮಿನಿಯಂ ಅಂಶ ಹೆಚ್ಚಿರುವ ಕಡೆ ಲ್ಯಾಟರೈಟ್ ಅಲ್ಯುಮಿನಿಯಂ ಅದಿರಾದ ಬಾಕ್ಸೈಟ್ ಆಗಿರುತ್ತದೆ. ನೀಲೇಶ್ವರ, ಕಾಞಂಗಾಡು, ಕುಂಬಳೆ ಕಡೆಗಳಲ್ಲಿ ಬಾಕ್ಸೈಟ್ ಇರುವುದನ್ನು ಭೂವೈಜ್ಞಾನಿಕ ಸರ್ವೇಕ್ಷಣೆ ಬಹಳ ಹಿಂದೆಯೇ ದಾಖಲಿಸಿದೆ. ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯುವಾಗ ಉಪಉತ್ಪನ್ನವಾಗಿ ದೊರೆಯುವ, ಎಲೆಕ್ಟ್ರಾನಿಕ್ ಚಿಪ್‌ಗಳಿಗೆ ಬಳಸುವ ಗ್ಯಾಲಿಯಂ ಲೋಹ, ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿದೆ. ಅದೇ ವರ್ಷದ ಆಗಸ್ಟ್‌ನಿಂದ ಚೀನಾ ಗ್ಯಾಲಿಯಂ ರಫ್ತಿನ ಮೇಲೆ ನಿಯಂತ್ರಣ ಹೇರಿದ್ದರಿಂದ ಅದರ ಮಹತ್ವ ಇನ್ನೂ ಹೆಚ್ಚಿದೆ. ಮುಂದೆ ಈ ಬೇಡಿಕೆಗಳು ಪದವುಗಳ ತನಕ ಬಂದರೆ, ಕಲ್ಲು, ಖನಿಜ ಮತ್ತು ನೀರಿನ ಲೆಕ್ಕವನ್ನು ಮೂರು ಬೇರೆ ಬೇರೆ ಕಚೇರಿಗಳ ಕಡತಗಳಲ್ಲಿ ಇಟ್ಟುಕೊಂಡರೆ ಸಾಲದು. ಒಂದೇ ಗುಡ್ಡದ ಸಂಪೂರ್ಣ ಪದರನಕ್ಷೆಯ ಮೇಲೆ ಮೂರನ್ನೂ ಒಟ್ಟಿಗೆ ಗುರುತಿಸಿ ನೋಡಬೇಕಾಗುತ್ತದೆ.

ಅಂಕ ಕೊಡಲೇಬೇಕಾದರೆ ಮೇಲ್ಪದರದ ಕಲ್ಲಿಗೆ ಐದರಲ್ಲಿ ನಾಲ್ಕೂವರೆ, ಸೆಕೆಂಡ್ ಕಲ್ಲಿಗೆ ಒಳಗೋಡೆಯ ಮಟ್ಟಿಗೆ ಎರಡು, ಮಾರಾಟದ ಸೇವೆಗೂ ಎರಡು. ಕೋರೆಯಲ್ಲಿ ಕಡಿಯುವಾಗ ಉಳಿಯುವ ಚೂರು ಮತ್ತು ಹುಡಿಯ ರಾಶಿಗೆ ಅಂಕವೇ ಇಲ್ಲ. ಸ್ವಲ್ಪ ಸಿಮೆಂಟ್ ಅಥವಾ ಸುಣ್ಣ ಬೆರೆಸಿ ಒತ್ತಿದರೆ ಆ ಹುಡಿಯಿಂದ ಒಳ್ಳೆಯ ಮಣ್ಣಿನ ಬ್ಲಾಕ್‌ಗಳನ್ನು ಮಾಡಬಹುದು ಎಂದು ಪ್ರಯೋಗಗಳು ತೋರಿಸಿವೆ. ನಾನು ನೋಡಿದ ಕೋರೆಗಳಲ್ಲಿ ಅದು ರಸ್ತೆ ತುಂಬಿಸಲು ಹೋಗುತ್ತಿತ್ತು, ಇಲ್ಲವೇ ಮಳೆಗೆ ತೊಳೆದುಹೋಗುತ್ತಿತ್ತು.

ಹೊಸ ಕಲ್ಲಿಗಿಂತ ಮೊದಲು ವಿಚಾರಿಸಬೇಕಾದದ್ದು ಕೆಡವುವ ಹಳೆಯ ಮನೆಗಳ ಕಲ್ಲನ್ನು. ಹಲವು ದಶಕ ಗಾಳಿಗೆ ಗಡುಸಾದ ಈ ಕಲ್ಲುಗಳು ಕೈಯಿಂದ ಕೆತ್ತಿದವಾದ್ದರಿಂದ ಅಳತೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಮೇಸ್ತ್ರಿಯ ಕೂಲಿ ಏರುತ್ತದೆ. ಬಾವಿಕಟ್ಟೆಗೆ ನಾನು ಬಳಸಿದ್ದು ಇಂತಹವುಗಳನ್ನೇ. ಮಣ್ಣಿನ ಇಲ್ಲವೇ ಸುಣ್ಣದ ಗಾರೆಯಲ್ಲಿ ಕಟ್ಟಿದ ಮನೆಯಾದರೆ ಕಲ್ಲು ಇಡಿಯಾಗಿ ಬಿಡಿಸಿಕೊಂಡು ಬರುತ್ತದೆ. ಸಿಮೆಂಟ್ ಗಾರೆಯಲ್ಲಿ ಕಟ್ಟಿದ್ದರೆ ಬಿಡಿಸುವಾಗ ಅರ್ಧಕ್ಕರ್ಧ ಮುರಿಯುತ್ತದೆ. ಹಾಗಾಗಿ ಮಾತು ಕೊಡುವ ಮೊದಲು ಹಳೆಯ ಗೋಡೆಯ ಒಂದು ಸಂದನ್ನು ಕೆದಕಿ ನೋಡಿಕೊಳ್ಳಿ.